ಲೂರ್ದಮ್ಮನ ಪಾಸ್ಖದ ಮಡಕೆ

ನಾನು ಒಂದು ಮಣ್ಣಿನ ಮಡಕೆ. ಕೆರೆಯ ಜೇಡಿ ನನ್ನ ತಾಯಿ, ಕುಂಬಾರನ ಆವಿಗೆ ನನ್ನ ತೊಟ್ಟಿಲು. ಸುಟ್ಟು ತೆಗೆದ ಮೇಲೆ ಕುಂಬಾರ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿದ. ಠಣ್ ಎಂದೆ. "ಗಟ್ಟಿಗಿತ್ತಿ ಕಣೇ ನೀನು" ಎಂದು ನಕ್ಕ.

ನನ್ನನ್ನು ಕೊಂಡವನು ದ್ರಾಕ್ಷಿ ತೋಟದ ಕೂಲಿ ಇನ್ನಾಸಪ್ಪ. ಅವನ ಹೆಂಡತಿ ಲೂರ್ದಮ್ಮ, ದನದ ಮಾಂಸವನ್ನು ಕೆಂಪು ವೈನಿನಲ್ಲಿ ಬೇಯಿಸುವುದನ್ನು ಚರ್ಚಿನ ಫ್ರೆಂಚ್ ಪಾದ್ರಿಗಳ ಅಡುಗೆಮನೆಯಲ್ಲಿ ಕಲಿತವಳು. ನಮ್ಮೂರಲ್ಲಿ ಸಿಗದ್ದಕ್ಕೆಲ್ಲ ಬದಲಿ ಕಂಡುಕೊಂಡಿದ್ದಳು: ಬೆಣ್ಣೆಗೆ ಕಡಲೆಕಾಯಿ ಎಣ್ಣೆ, ಅಣಬೆಗೆ ಬದನೆಕಾಯಿ. ವೈನನ್ನು ಮಾತ್ರ ಇನ್ನಾಸಪ್ಪನೇ ಮಾಡುತ್ತಿದ್ದ. ಅದರ ಜಾಡಿ ಒಲೆಯ ಪಕ್ಕ ಬೆಚ್ಚಗಿರುತ್ತಿತ್ತು.

ಪಾಸ್ಖಕ್ಕೆ ಮುಂಚಿನ ಉಪವಾಸ ಶುರುವಾಗುವ ವಿಭೂತಿ ಬುಧವಾರ ನನ್ನನ್ನು ತೊಳೆದು ಮಗುಚಿ ಹಾಕುವರು. ನಲವತ್ತು ದಿನ ಮನೆಯಲ್ಲಿ ಮಾಂಸವಿಲ್ಲ. ನಾನೂ ನೆಲ ನೋಡುತ್ತ ಉಪವಾಸ. ಯೇಸುಸ್ವಾಮಿ ಸಮಾಧಿಯಿಂದ ಎದ್ದ ಪಾಸ್ಖ ಹಬ್ಬದ ಬೆಳಿಗ್ಗೆ ಇನ್ನಾಸಪ್ಪ ವೈನಿನ ಮಾಂಸ ಬೇಯಿಸಲೆಂದು ನನ್ನನ್ನು ಎತ್ತಿ ನೆಟ್ಟಗೆ ಕೂರಿಸುತ್ತಿದ್ದ.

ಒಂದು ವರ್ಷ ಆ ಉಪವಾಸದ ನಡುವೆಯೇ ಅವನು ತೀರಿಹೋದ. ಸೂತಕದ ಮನೆಗೆ ಬೇಡವೆಂದು ಅವನ ತಮ್ಮ ಚೌರಪ್ಪ ವೈನನ್ನೆಲ್ಲ ತಿಪ್ಪೆಗೆ ಸುರಿದ. ಪಾಸ್ಖದ ಬೆಳಿಗ್ಗೆ ಲೂರ್ದಮ್ಮ ನನ್ನತ್ತ ಕೈ ಚಾಚಿದಾಗ ಬಾಗಿಲಲ್ಲಿ ಬಂದು ನಿಂತ.

"ವರ್ಷ ತುಂಬೋಗಂಟ ಆ ಮಡಕೆ ಎತ್ತಂಗಿಲ್ಲ ಅತ್ತಿಗೆ. ಊರು ಏನಂದಾತು?"

"ಸತ್ತೋರು ಎದ್ದ ಹಬ್ಬ ಕಣಪ್ಪಾ ಇದು. ಸಾವಾದ ಮನೇಲಿ ಮಾಡ್ದೆ ಇನ್ಯಾರ ಮನೇಲಿ ಮಾಡ್ಬೇಕು?"

"ವೈನೇ ಇಲ್ವಲ್ಲ!"

"ಕರಿದ್ರಾಕ್ಷಿ ಐತೆ, ಹಿಂಡ್ತೀನಿ. ಹುಳಿಗೆ ಒಂಚೂರು ವಿನಿಗರ್."

"ಹಂಗಾದ್ರೆ ದನದ ಮಾಂಸದ ಬದ್ಲು ಕೋಳಿ ಮಾಡ್ಬುಡಿ."

"ವೈನಿಗೆ ಬದ್ಲಿ ಐತೆ, ಮಾಂಸಕ್ಕಿಲ್ಲ. ಕೋಳಿ ಕಂಡ್ರೆ ನಿಮ್ಮಣ್ಣ ಎಲೆ ಬಿಟ್ಟು ಏಳೋರು, ಮರ್ತ್ಯಾ?"

ಒಲೆಯ ಮೇಲೆ ಕಾದ ನನ್ನೊಳಗೆ ಮಾಂಸ ಹುರಿದು ಕೆಂಪಾಗಿತ್ತು. ನೀರಿನ ಗುಡಾಣದ ಪಕ್ಕ ತಣ್ಣಗಿದ್ದ ದ್ರಾಕ್ಷಿ ರಸವನ್ನು, ಬೆಚ್ಚಗಿನ ವೈನು ಸುರಿಯುವ ರೂಢಿಯಲ್ಲೇ, ಆಕೆ ಒಮ್ಮೆಗೇ ಸುರಿದಳು. ನನ್ನ ಪಕ್ಕೆ ಟಪ್ಪೆಂದು ಬಿರಿಯಿತು.

"ನೋಡಿ, ದೇವ್ರೇ ಬೇಡ ಅಂದ" ಎಂದ ಚೌರಪ್ಪ.

ಲೂರ್ದಮ್ಮ ಹಿಟ್ಟು ಕಲಸಿ ಬಿರುಕಿಗೆ ಮೆತ್ತಿದಳು. ನಾನು ಉಸಿರು ಬಿಗಿಹಿಡಿದೆ. ಮೂರು ಗಂಟೆ ಉರಿಯ ಮೇಲೆ ಕೂತೆ. ಒಂದು ತೊಟ್ಟೂ ಬಿಟ್ಟುಕೊಡಲಿಲ್ಲ.

ಮಧ್ಯಾಹ್ನ ಚೌರಪ್ಪ ಎರಡನೇ ಸಲ ಬಡಿಸಿಕೊಂಡ. "ಅಣ್ಣನ ವೈನಿನಷ್ಟಿಲ್ಲ" ಎಂದು ಕಣ್ಣೊರೆಸಿಕೊಂಡ.

"ಇಲ್ಲ" ಎಂದಳು ಲೂರ್ದಮ್ಮ. "ಅಷ್ಟಿಲ್ಲ."

ಈಗ ನಾನು ಮೂಲೆಯಲ್ಲಿದ್ದೇನೆ. ನನಗೂ ಬದಲಿಯಾಗಿ ಸ್ಟೀಲಿನ ಪಾತ್ರೆ ಬಂದಿದೆ. ಆದರೂ ವಿಭೂತಿ ಬುಧವಾರ ಲೂರ್ದಮ್ಮ ನನ್ನನ್ನೇ ಮಗುಚುತ್ತಾಳೆ. ಒಡೆದ ಮಡಕೆ ಮನೆಯಲ್ಲಿರಬಾರದು ಎನ್ನುವವರು ಎನ್ನಲಿ. ಪಾಸ್ಖ ಬರಲಿ. ಆ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲೇ, ನಾನು ಎದ್ದು ಕೂರುತ್ತೇನೆ.