ತೊದಲಿಯ ಪ್ರಶ್ನೆ

ದರ್ಜಿಯ ಮಗಳಿಗೆ ಒಂಬತ್ತು ವರ್ಷ. ಮಾತಾಡಲು ಹೊರಟರೆ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಓಣಿಯ ಮಕ್ಕಳಿಗೆ ಅವಳು ತೊದಲಿ. ಶಾಲೆಯಲ್ಲಿ ಅವಳು ಬಾಯಿ ಬಿಡುತ್ತಲೇ ಇರಲಿಲ್ಲ.

ಮಸೀದಿಯ ಹಿಂದಿನ ಮದರಸಾದಲ್ಲಿ ಕುರಾನಿನ ಸೂರಾ ಓದುವಾಗ ಮಾತ್ರ ಅವಳ ನಾಲಿಗೆ ಎಲ್ಲೂ ತಡವರಿಸುತ್ತಿರಲಿಲ್ಲ. ಅದನ್ನು ಮೊದಲು ಗಮನಿಸಿದವರು ಮುದುಕ ಉಸ್ತಾದರು. ಬರೀ ಓದಿಸಿ ಕಳಿಸುವ ಜಾಯಮಾನ ಅವರದಲ್ಲ. ಪ್ರತಿ ಮಗುವೂ ಅರ್ಥವನ್ನು ತನ್ನದೇ ಮಾತಲ್ಲಿ ಹೇಳಬೇಕು, ಒಂದಾದರೂ ಪ್ರಶ್ನೆ ಕೇಳಬೇಕು. ಅವಳ ಸರದಿಯಲ್ಲಿ ಯಾರಾದರೂ ಕಿಸಕ್ಕೆಂದರೆ ಕನ್ನಡಕದ ಮೇಲಿಂದ ಒಮ್ಮೆ ನೋಡುವರು. ನಗು ಅಲ್ಲೇ ಅಡಗುತ್ತಿತ್ತು.

"ಮ... ಮನಸ್ಸಲ್ಲಿರೋದು ದೇವರಿಗೆ ಗೊತ್ತಲ್ವಾ ಉಸ್ತಾದ್? ಮತ್ತೆ ದು... ದುವಾ ಅಂತ ಬಾಯಿಬಿಟ್ಟು ಯಾಕೆ ಬೇಡ್ಕೋಬೇಕು?"

ಉಸ್ತಾದರು ಗಡ್ಡ ನೀವಿಕೊಂಡರು. "ಒಳ್ಳೇ ಇಕ್ಕಟ್ಟಲ್ಲಿ ಸಿಕ್ಕಿಸಿದೆ ಮಗಳೇ. ನಾನೂ ಯೋಚನೆ ಮಾಡ್ತೀನಿ, ನೀನೂ ಮಾಡು."

ತನ್ನ ಮಾತನ್ನು ದೊಡ್ಡವರೊಬ್ಬರು ತಲೆಗೆ ಹಚ್ಚಿಕೊಂಡದ್ದನ್ನು ಅವಳು ಅಂದೇ ಮೊದಲು ಕಂಡದ್ದು. ಅಂದಿನಿಂದ ಮನೆಯಲ್ಲೂ ಪ್ರಶ್ನೆಗಳ ಸುರಿಮಳೆ. "ಇವಳ ಬಾಯಿಗೊಂದು ಗುಂಡಿ ಹೊಲಿಬೇಕು ಕಣೇ" ಎಂದು ದರ್ಜಿ ಹೆಂಡತಿಯೆದುರು ನಗುತ್ತಿದ್ದ.

ಚಳಿಗಾಲದಲ್ಲಿ ಉಸ್ತಾದರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಅಪ್ಪನ ಜೊತೆ ಅವಳು ನೋಡಲು ಹೋದಾಗ ಅವರು ಏನೋ ಹೇಳಲು ಹೆಣಗಿದರು.

"ನೀರು ಬೇಕಾ? ದಿಂಬು ಸರಿ ಮಾಡ್ಲಾ?" ದರ್ಜಿ ಗಾಬರಿಯಾದ.

"ಅಪ್ಪಾ, ಸು... ಸುಮ್ನಿರಿ. ಅವರೇ ಹೇಳ್ಲಿ."

ಇಬ್ಬರೂ ಬಹಳ ಹೊತ್ತು ಕಾದರು. ಮಾತು ಹೊರಡಲಿಲ್ಲ. ಉಸ್ತಾದರು ಕಣ್ಣು ತುಂಬಿಕೊಂಡು ಗೋಡೆಯತ್ತ ತಿರುಗಿದರು. ಆ ವಾರವೇ ತೀರಿಕೊಂಡರು.

ಹೊಸ ಉಸ್ತಾದ್ ಕೆಟ್ಟವನೇನಲ್ಲ, ಯಾರನ್ನೂ ಹೊಡೆಯುತ್ತಿರಲಿಲ್ಲ. ಆದರೆ ಕೋಣೆ ತುಂಬ ಮಕ್ಕಳು, ಸಿಗುವುದು ಒಂದೇ ಗಂಟೆ. ಅವಳ ಓದು ಕೇಳಿ ತಲೆದೂಗಿದ. ಓದು ಮುಗಿಸಿ ಅವಳು ಕೈ ಎತ್ತಿದಳು. ಮೊದಲ ಅಕ್ಷರ ಸಿಕ್ಕಿಕೊಂಡಿತು. ಯಾರೋ ಹಿಂದಿನಿಂದ ಅಣಕಿಸಿದರು, ಎಲ್ಲರೂ ಗೊಳ್ಳೆಂದರು.

"ಆಯ್ತು ಕೂತ್ಕೊಮ್ಮ. ನಿಂಗೆ ಓದೋಕೆ ಬರುತ್ತಲ್ಲ, ಅಷ್ಟು ಸಾಕು" ಎಂದ ಅವನು, ಮೆಲ್ಲಗೆ, ಅವಳಿಗೆ ಉಪಕಾರ ಮಾಡುವವನಂತೆ.

ಅವಳು ಕೂತಳು. ಮತ್ತೆ ಕೈ ಎತ್ತಲಿಲ್ಲ.

ಮದರಸಾದ ಆ ವರ್ಷದ ಸಭೆಯಲ್ಲಿ ಅವಳ ಓದಿಗೆ ಮೊದಲ ಬಹುಮಾನ ಬಂತು. ನೆರೆಯವರು ಮನೆತನಕ ಬಂದು ಹೊಗಳಿದರು. ಹಿಗ್ಗಿಗೆ ಅಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಲ್ಲರೂ ಹೋದ ಮೇಲೆ ದರ್ಜಿ ಮಷಿನ್ ನಿಲ್ಲಿಸಿ ಮಗಳನ್ನು ನೋಡಿದ. ಅವಳು ಮಾತಾಡಿ ಎಷ್ಟು ಕಾಲವಾಯಿತೋ ಅವನಿಗೆ ನೆನಪಾಗಲಿಲ್ಲ.

"ಏನಾದ್ರೂ ಕೇಳೋದಿದ್ರೆ ಕೇಳೇ. ನಂಗೆ ಗೊತ್ತಿಲ್ದಿದ್ರೂ ಪರವಾಗಿಲ್ಲ."

ಅವಳು ಇಲ್ಲವೆಂದು ತಲೆಯಾಡಿಸಿ, ಸೂಜಿಗೆ ದಾರ ಪೋಣಿಸಿ ಅವನ ಕೈಗಿತ್ತಳು.