ಸ್ಟೋರ್ ರೂಮಿನ ಹಿಂದಿನ ಮಾತು

ಹರಿಹರದ ತನ್ನ ವರ್ಕ್‌ಶಾಪಿನಲ್ಲಿ ಊಟದ ಬೆಲ್ ಹೊಡೆದ ಮೇಲೆ ಕೆಲಸಗಾರರೆಲ್ಲ ಸ್ಟೋರ್ ರೂಮಿನ ಹಿಂದೆ ಸೇರುತ್ತಾರೆ ಅನ್ನುವುದು ಗೊತ್ತಾದ ದಿನದಿಂದ ಬಕ್ಕೇಶನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಅವನು ಆ ಕಡೆ ಕಾಲಿಟ್ಟರೆ ಸಾಕು, ಮಾತು ನಿಲ್ಲುತ್ತಿತ್ತು. ಒಬ್ಬ ಟಿಫಿನ್ ಡಬ್ಬಿ ಮುಚ್ಚುತ್ತಿದ್ದ, ಇನ್ನೊಬ್ಬ ಚಪ್ಪಲಿಯಿಂದ ನೆಲ ಉಜ್ಜುತ್ತಿದ್ದ.

“ಏನ್ರಿ ಸಾಬ್ರೆ, ಏನ್ ನಡೀತೈತೆ ಇಲ್ಲಿ?” ಎಂದು ಒಮ್ಮೆ ಕೇಳಿಯೇಬಿಟ್ಟ.

“ಏನಿಲ್ರಿ ಸಾವ್ಕಾರ್ರೆ, ಹಂಗೇ ಮಾತು,” ಅಂದರು ಮಕ್ತುಮ್ ಸಾಬ್. ಬಕ್ಕೇಶನ ಅಪ್ಪನ ಕಾಲದಿಂದ ಲೇಥ್ ಯಂತ್ರದ ಮುಂದೆ ನಿಂತವರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ, ನೆಲ ನೋಡುತ್ತಿತ್ತು.

ಸಂಜೆ ದಾವಣಗೆರೆಯ ಪಿ.ಜೆ. ಬಡಾವಣೆಯ ಮನೆಗೆ ಕಾರು ಓಡಿಸುವಾಗಲೂ ಅದೇ ಯೋಚನೆ. ಬೈಪಾಸ್ ಬಳಿ ಹೊಸ ಕಾರ್ಖಾನೆ ಎದ್ದಿತ್ತು. ಆಗಲೇ ಇಬ್ಬರು ಅಲ್ಲಿಗೆ ಹಾರಿದ್ದರು. ಉಳಿದವರೂ ಒಟ್ಟಿಗೆ ಗಂಟುಮೂಟೆ ಕಟ್ಟುತ್ತಿರಬೇಕು.

“ಬಾಯಿಬಿಟ್ಟು ಕೇಳ್ರಿ, ಯಾಕ ಹಿಂಗ್ ಕೊರಗ್ತೀರಿ?” ಅಂದಳು ಹೆಂಡತಿ ರಶ್ಮಿತಾ.

“ಕೇಳಿದ್ರೆ ಹೇಳೋರು ಕದ್ದು ಯಾಕ ಕೂಡ್ತಾರೆ?”

ಅದರ ಮೇಲೆ ಇನ್ನೊಂದು ವಿಚಿತ್ರ. ಕಂಪ್ಯೂಟರಿನಿಂದ ನಡೆಯುವ ಹೊಸ ಸಿಎನ್‌ಸಿ ಮಷೀನ್ ಬಂದಾಗ ಬೆಂಗಳೂರಿನಿಂದ ತರಬೇತಿಗೆ ಬಂದವನು ಇಂಗ್ಲಿಷಿನಲ್ಲಿ ಪಾಠ ಒಪ್ಪಿಸಿ ಹೋಗಿದ್ದ. ಆಮೇಲೆ ಇಲ್ಲಿ ತಯಾರಾಗುವ ಪಂಪಿನ ಶಾಫ್ಟುಗಳು ಅಳತೆ ತಪ್ಪಿ ರಾಶಿ ಬೀಳುತ್ತಿದ್ದವು. ಈಗ ಆ ರಾಶಿ ಕರಗಿತ್ತು. ಖುಷಿಪಡುವ ಬದಲು ಬಕ್ಕೇಶ ಗುಜರಿ ಡಬ್ಬಿಯ ತಳ ಕೆದಕಿದ. ಕೆಟ್ಟ ಮಾಲನ್ನು ಇವರು ಎಲ್ಲಿ ಬಚ್ಚಿಡುತ್ತಿದ್ದಾರೆ? ಕಬ್ಬಿಣದ ಚೂರೊಂದು ಬೆರಳಿಗೆ ಚುಚ್ಚಿತು, ಅಷ್ಟೇ.

ಮರುದಿನ ಊಟದ ಹೊತ್ತಿಗೆ ಸದ್ದಿಲ್ಲದೆ ಸ್ಟೋರ್ ರೂಮಿನೊಳಗೆ ಹೋಗಿ ಹಿಂದಿನ ಕಿಟಕಿಗೆ ಕಿವಿ ಕೊಟ್ಟ.

“ಆ ಬಟನ್ ಬ್ಯಾಡ ಚಾಚಾ. ಟೂಲ್ ಸವೆದೈತೆ ಅಂದ್ರೆ ಇಲ್ಲಿ ಅಳತೆ ತಿದ್ದಬೇಕು.” ಅದು ಹುಮಾಳ ದನಿ, ಹೊಸ ಮಷೀನಿಗೆಂದು ಸೇರಿಸಿಕೊಂಡ ಹುಡುಗಿ.

“ಸವೆದಿದ್ದು ನಿಂಗೆ ಹೆಂಗೆ ಗೊತ್ತಾಗ್ತೈತೆ?” ಅಂದರು ಮಕ್ತುಮ್ ಸಾಬ್. “ಸದ್ದು ಕೇಳಮ್ಮ. ಸುಯ್ ಅನ್ನೋದು ಕಿರ್ ಅಂತು ಅಂದ್ರೆ ಅದರ ಕಥೆ ಮುಗೀತು.”

ಬಕ್ಕೇಶ ಇಣುಕಿದ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಷೀನಿನ ಪರದೆ, ಬಟನ್ನು ಎಲ್ಲ ಬರೆದಿತ್ತು. ಸುತ್ತ ಕುಕ್ಕರಗಾಲಿನಲ್ಲಿ ಎಲ್ಲರೂ.

ಎದೆ ಹಗುರಾಯಿತು, ಆದರೆ ಸುಮ್ಮನಿರುವ ಬುದ್ಧಿ ಬರಲಿಲ್ಲ. ಮುಂದಿನ ವಾರವೇ ಆಫೀಸಿನ ಪಕ್ಕದ ಕೋಣೆಗೆ ಕುರ್ಚಿ, ಬಿಳಿ ಬೋರ್ಡು ತರಿಸಿದ. ‘ಕಲಿಕೆಯ ಹೊತ್ತು’ ಎಂದು ಹೆಸರಿಟ್ಟ, ಹಾಜರಿ ಹಚ್ಚಿದ, ತಾನೇ ಮುಂದಿನ ಸಾಲಿನಲ್ಲಿ ಕೂತ. ಹುಮಾ ಬೋರ್ಡಿನ ಮುಂದೆ ತಡವರಿಸಿದಳು. ಯಾರೂ ಏನೂ ಕೇಳಲಿಲ್ಲ. ಸ್ಟೋರ್ ರೂಮಿನ ಹಿಂದಿನ ಕೂಟವೂ ನಿಂತಿತು. ತಿಂಗಳು ತುಂಬುವುದರೊಳಗೆ ಕೆಟ್ಟ ಶಾಫ್ಟುಗಳ ರಾಶಿ ಮತ್ತೆ ಬೆಳೆಯಿತು, ಜೊತೆಗೆ ಬಕ್ಕೇಶನ ಅನುಮಾನವೂ. ಬೇಕಂತಲೇ ಮಾಡುತ್ತಿದ್ದಾರೆ!

ಹುಮಾಳನ್ನು ಕರೆಸಿದ. “ಅಲ್ಲಿ ಹೇಳ್ತಿದ್ದಿದ್ದು ಇಲ್ಲಿ ಯಾಕ ಹೇಳಲ್ಲಮ್ಮ? ಯಾರಾರ ಬ್ಯಾಡ ಅಂದಾರೇನು?”

ಅವಳು ದುಪಟ್ಟಾದ ಅಂಚು ತಿರುವುತ್ತ ನಿಂತಳು. ಆಮೇಲೆ ಗಟ್ಟಿಯಾಗಿಯೇ ಅಂದಳು: “ಬೈಬ್ಯಾಡ್ರಿ ಸರ್. ನಮಗೆ ನಿಮ್ಮ ಮ್ಯಾಲೇ ಅನುಮಾನ. ಯಾರಿಗೆ ಏನು ಬರಲ್ಲ ಅಂತ ನೋಡ್ಕೊಂಡು ಕೆಲಸದಿಂದ ತೆಗೀತೀರಿ ಅಂತ. ಮಷೀನ್ ಬಂದಾಗಿಂದ ಮಕ್ತುಮ್ ಚಾಚಾಗೆ ಅದೇ ಭಯ. ಅದಕ್ಕೇ ನಿಮ್ಮ ಕಣ್ಣು ತಪ್ಪಿಸಿ ಕಲೀತಿದ್ವಿ.”

ಅಂಥ ಯೋಚನೆ ತನಗೆ ಬಂದೇ ಇರಲಿಲ್ಲ ಎಂದು ಬಕ್ಕೇಶ ಅನ್ನುವಂತಿರಲಿಲ್ಲ; ಮಷೀನ್ ಕೊಳ್ಳುವಾಗ ಬಂದಿತ್ತು.

ಅವತ್ತೇ ಹಾಜರಿ ನಿಲ್ಲಿಸಿದ. ಊಟದ ಬಿಡುವು ಹೆಚ್ಚಿಸಿ, ಸ್ಟೋರ್ ರೂಮಿನ ಹಿಂದೆ ಬಿಸಿಲಿಗೆ ತಗಡಿನ ಚಪ್ಪರ ಹಾಕಿಸಿದ. ಯಾರನ್ನೂ ಕೆಲಸದಿಂದ ಕಳಿಸುವುದಿಲ್ಲ ಎಂದು ಮಕ್ತುಮ್ ಸಾಬರಿಗೆ ಖುದ್ದಾಗಿ ಹೇಳಿದ. “ಆಯ್ತ್ರಿ,” ಅಂದರು ಅವರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ಕೆಲವು ದಿನ ಬಿಟ್ಟು, ಹೇಳಿ ಕಳಿಸದೆ, ಚಪ್ಪರದಡಿಗೆ ಹೋಗಿ ನಿಂತ. ಹುಮಾ ಸೀಮೆಸುಣ್ಣ ಕೆಳಗಿಟ್ಟಳು.

“ನಂಗೂ ಆ ಪರದೆ ಒಂದಕ್ಷರ ತಿಳಿಯಲ್ಲ,” ಅಂದ. “ತಿಳೀದೇ ಮಷೀನ್ ತಂದು ಕೂರಿಸೀನಿ.”

ಮಕ್ತುಮ್ ಸಾಬ್ ಪಕ್ಕಕ್ಕೆ ಸರಿದು ಜಾಗ ಮಾಡಿದರು.

“ಕೂಡ್ರಿ.”

ಬಕ್ಕೇಶ ನೆಲದ ಮೇಲೆ ಕೂತ. ಹುಮಾ ಮತ್ತೆ ಶುರು ಮಾಡಿದಳು, ಒಂದೊಂದು ಮಾತಿಗೂ ಅವನ ಮುಖ ನೋಡಿಕೊಂಡು.