ಒಂಟಿ ಚಪ್ಪಲಿಯ ನಾಚಿಕೆ

ನಾನು ಅಥಣಿಯಲ್ಲಿ ಹುಟ್ಟಿದ ಎಡಗಾಲಿನ ಚಪ್ಪಲಿ. ಮಲ್ಲವ್ವ ಎಂಬಾಕೆ ತೊಗಲು ಹೆಣೆದು, ಎಣ್ಣೆ ಉಣಿಸಿ, ನನ್ನನ್ನೂ ನನ್ನ ಬಲಗಾಲಿನ ಅಣ್ಣನನ್ನೂ ಒಂದೇ ದಿನ ಲೋಕಕ್ಕೆ ತಂದಳು. ನಮ್ಮನ್ನು ಮೆಟ್ಟಿದವರು ಈರಗೌಡ ಮಾಸ್ತರರು. ಮೂವತ್ತು ವರ್ಷ ಮಕ್ಕಳಿಗೆ ಗ್ರೀಸಿನ ಇತಿಹಾಸ ಹೇಳಿದವರು. ನಿವೃತ್ತರಾದ ಮೇಲೆ ಅದನ್ನು ಕಣ್ಣಾರೆ ಕಾಣಲು ಪತ್ನಿ ನೀಲವ್ವನೊಡನೆ ಅಥೆನ್ಸಿಗೆ ಹೊರಟರು.

ಅವರಿಗೊಂದು ರೂಢಿ. ಯಾವ ಗುಡಿಗೆ ಹೋದರೂ ನನ್ನನ್ನೊಂದು ಮೂಲೆಗೆ, ಅಣ್ಣನನ್ನೊಂದು ಮೂಲೆಗೆ ಬಿಡುವರು. "ಒಂಟಿ ಚಪ್ಪಲಿ ಯಾವ ಕಳ್ಳನೂ ಮುಟ್ಟಂಗಿಲ್ಲ" ಎನ್ನುವರು. ಆ ಜಾಣತನದಲ್ಲಿ ನನಗೂ ಪಾಲಿದೆಯೆಂದು ಬೀಗುತ್ತಿದ್ದೆ.

ಅಕ್ರೊಪೊಲಿಸ್ ಬೆಟ್ಟ ಹತ್ತಿ ಇಳಿದೆವು. ಸಾವಿರಾರು ವರ್ಷಗಳ ಕಾಲುಗಳು ಸವೆಸಿದ ಅಮೃತಶಿಲೆಯ ಮೇಲೆ ನನ್ನಂಥ ಗಟ್ಟಿ ಅಟ್ಟೆಯೂ ಜಾರಿತು. ಕೆಳಗೆ ಪ್ಲಾಕಾ ಎಂಬ ಹಳೆಯ ಕೇರಿ. ಇಕ್ಕಟ್ಟಾದ ಓಣಿಯಲ್ಲೊಂದು ಪುಟ್ಟ ಚರ್ಚು. ಅಲ್ಲಿನವರು ಬೂಟಿನಲ್ಲೇ ಒಳನಡೆದರು. ಮಾಸ್ತರರು ಮಾತ್ರ ನನ್ನನ್ನು ಮೆಟ್ಟಿಲ ಮೇಲೆ, ಅಣ್ಣನನ್ನು ಹೂಕುಂಡದ ಹಿಂದೆ ಬಿಟ್ಟು ಬರಿಗಾಲಲ್ಲಿ ಹೋದರು.

ಎದುರು ಮನೆಯ ಕಪ್ಪುಡುಗೆಯ ಮುದುಕಿ ನನ್ನನ್ನು ಕಂಡು ಲೊಚಗುಟ್ಟಿದಳು. ಎತ್ತಿ ಧೂಳೊರೆಸಿ, ದಾರಿಹೋಕರ ಕಾಲುಗಳನ್ನು ಬಾಗಿ ಬಾಗಿ ನೋಡುತ್ತ ಹೊರಟಳು. ಯಾರದೋ ಒಂದು ಪಾದ ಬಿಸಿಲಿಗೆ ಸುಡುತ್ತಿದೆಯೆಂಬ ಕಳವಳ ಆ ಕೈಗಳಲ್ಲಿತ್ತು. ಹುಟ್ಟಿದಂದಿನಿಂದ ಯಾರೂ ನನ್ನನ್ನು ಹಾಗೆ ಎದೆಗೊತ್ತಿ ಹಿಡಿದಿರಲಿಲ್ಲ.

"ಏ ಕಳ್ಳಿ! ನಿಂದರ್ ಅಲ್ಲೇ!"

ಮಾಸ್ತರರು ಓಡಿಬಂದು ನನ್ನನ್ನು ಕಸಿದುಕೊಂಡರು. "ಇಷ್ಟ್ ವಯಸ್ಸಾಗೇತಿ, ನಾಚಿಕಿ ಇಲ್ಲೇನ್ ನಿನಗ?"

ಮುದುಕಿಗೆ ಮಾತು ತಿಳಿಯಲಿಲ್ಲ. ಒಡೆಯ ಸಿಕ್ಕನೆಂದು ಮುಖ ಅರಳಿತು. ಕಾದ ಕಲ್ಲನ್ನು ತೋರಿಸಿ, ಬೇಗ ಮೆಟ್ಟಿಕೋ ಎಂದು ಸನ್ನೆ ಮಾಡಿದಳು. ಅಷ್ಟರಲ್ಲಿ ಅವರ ಎರಡು ಕಾಲೂ ಬರಿದಾಗಿರುವುದು ಕಣ್ಣಿಗೆ ಬಿತ್ತು. ಅಯ್ಯೋ ಎಂಬಂತೆ ಕೆನ್ನೆಗೆ ಕೈಹಚ್ಚಿ, ಇನ್ನೊಂದನ್ನು ಹುಡುಕತೊಡಗಿದಳು.

ನೀಲವ್ವ ಗಂಡನ ಪಕ್ಕಕ್ಕೆ ಬಂದು ನಿಂತರು. "ಒಂಟಿ ಚಪ್ಪಲಿ ಕಳ್ಳರು ಮುಟ್ಟಂಗಿಲ್ಲ ಅಂತಿದ್ರಿ. ಮತ್ತ ಈಕಿ ಹ್ಯಾಂಗ್ ಕಳ್ಳಿ ಆದ್ಲ್ರೀ?"

ಮುದುಕಿಯೇ ಹೂಕುಂಡದ ಹಿಂದಿನಿಂದ ಅಣ್ಣನನ್ನು ತಂದು, ನಮ್ಮಿಬ್ಬರನ್ನೂ ಮಾಸ್ತರರ ಪಾದದ ಮುಂದೆ ಜೋಡಿಸಿಟ್ಟಳು. ಅವರು ತಲೆ ತಗ್ಗಿಸಿ ಕೈಮುಗಿದರು. ಅದು ಕ್ಷಮೆಯೆಂದು ಅವಳಿಗೆ ಗೊತ್ತಾಗಲಿಲ್ಲ. ಕೃತಜ್ಞತೆಯೆಂದೇ ತಿಳಿದು ನಕ್ಕಳು.

ಈಗ ಉಂಗುಟ ಹರಿದು, ಅಟ್ಟೆ ಸವೆದು ಕದದ ಹಿಂದೆ ಬಿದ್ದಿದ್ದೇನೆ. ಅಂದಿನಿಂದ ಮಾಸ್ತರರು ನಮ್ಮನ್ನು ಅಗಲಿಸಲಿಲ್ಲ. ಎಷ್ಟೋ ಗುಡಿಗಳ ಮುಂದೆ, ನಟ್ಟನಡುವೆ, ಜೋಡಿಯಾಗಿಯೇ ಕುಳಿತೆವು. ಒಬ್ಬರೂ ಕದಿಯಲಿಲ್ಲ. ಒಮ್ಮೆಯಾದರೂ ಕದ್ದಿದ್ದರೆ ನಮ್ಮ ನಾಚಿಕೆ ಎಳ್ಳಷ್ಟು ಇಳಿಯುತ್ತಿತ್ತೇನೋ.